ಡೌ ಬಿಯರಿನ ತಟ್ಟೆ

ಕಳೆದ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ನಮ್ಮ ಮನೆಯಿಂದ ಬೇವು-ಬೆಲ್ಲ ಹೋಗಿತ್ತು. ಅದನ್ನು ತಿಂದವರಿಗಿಂತ ಅದನ್ನಿಟ್ಟಿದ್ದ ತಟ್ಟೆಯನ್ನು ನೋಡಿದವರೇ ಹೆಚ್ಚು. ದುಂಡನೆಯ ತಗಡಿನ ತಟ್ಟೆ, ಅಂಚಿನ ಬಣ್ಣ ಅಲ್ಲಲ್ಲಿ ಎದ್ದಿದೆ, ನಡುವೆ ದಪ್ಪಕ್ಷರದಲ್ಲಿ ‘ಡೌ’ ಎಂಬ ಹೆಸರು. ನಮ್ಮ ಬೀದಿಯ ಗರಾಜ್ ಸೇಲ್‌ನಲ್ಲಿ ನನ್ನಾಕೆ ಎರಡು ಡಾಲರ್ ಕೊಟ್ಟು ತಂದಿದ್ದಳು. ಕೂಟದ ಹಿರಿಯರೊಬ್ಬರು, ಅರವತ್ತರ ದಶಕದ ಕೊನೆಗೆ ಮಾಂಟ್ರಿಯಲ್‌ಗೆ ಬಂದವರು, ಅದನ್ನು ನೋಡಿ, “ಏನ್ರೀ ಡಾಕ್ಟ್ರೇ, ಹಬ್ಬದ ದಿನ ಬಿಯರ್ ತಟ್ಟೇಲಿ ಬೇವು-ಬೆಲ್ಲ ಹಂಚ್ತಾ ಇದೀರಲ್ಲ! ಅದೂ ಈ ಬಿಯರು!” ಎಂದು ನಕ್ಕರು. ಸುತ್ತ ನಿಂತಿದ್ದ ಮಕ್ಕಳಿಗೆ, ಮಕ್ಕಳೇನು, ಅವರ ತಂದೆತಾಯಿಯರಿಗೂ, ‘ಈ ಬಿಯರು’ ಎಂದರೆ ಏನೆಂದು ತಿಳಿಯಲಿಲ್ಲ. ನನಗೆ ತಿಳಿದಿತ್ತು. ಅಲ್ಲೇ ಹೇಳಹೊರಟೆ, ಊಟದ ಸಾಲು ಮುಂದೆ ಸರಿಯಿತು. ಮಿಕ್ಕಿದ್ದನ್ನು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇನೆ.

ವಿಲಿಯಂ ಡೌ ಸ್ಕಾಟ್ಲೆಂಡಿನ ಪರ್ತ್‌ಷೈರ್‌ನವನು, ಹುಟ್ಟಿದ್ದು 1800ರಲ್ಲಿ. ಹದಿಹರೆಯ ಮುಗಿಯುವ ಹೊತ್ತಿಗೆ ಕೆನಡಾಕ್ಕೆ ಬಂದು, ಥಾಮಸ್ ಡನ್ ಎಂಬುವನ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮುಂದೆ ಅದೇ ಕಾರ್ಖಾನೆ ಅವನ ಹೆಸರಿನದಾಯಿತು. ಬಿಯರಿನಿಂದ ಬಂದ ಹಣವನ್ನು ಬ್ಯಾಂಕು, ರೈಲ್ವೆಗಳಲ್ಲಿ ತೊಡಗಿಸಿ, 1868ರಲ್ಲಿ ತೀರಿಕೊಳ್ಳುವಾಗ ಮಾಂಟ್ರಿಯಲ್‌ನ ಸಿರಿವಂತರಲ್ಲಿ ಒಬ್ಬನಾಗಿದ್ದ. ಬರಿಗೈಯಲ್ಲಿ ಬಂದು ಸಾಹುಕಾರರಾದ ಇಂಥ ಸ್ಕಾಟರ ಕಥೆಗಳು ಈ ಊರಿನಲ್ಲಿ ಬೇಕಾದಷ್ಟಿವೆ, ಅದನ್ನು ಬೆಳೆಸುವುದಿಲ್ಲ.

ನನ್ನ ಕಥೆಗೆ ಬೇಕಾದದ್ದು ಇನ್ನೊಂದು ಕಾರ್ಖಾನೆ, ಕ್ವಿಬೆಕ್ ಸಿಟಿಯದು. ಅಲ್ಲಿ ಫ್ರೆಂಚ್ ದೊರೆಯ ಅಧಿಕಾರಿ ಜಾನ್ ತಾಲೋನ್ 1668ರ ಸುಮಾರಿಗೆ ಒಂದು ಬಿಯರ್ ಕಾರ್ಖಾನೆ ಕಟ್ಟಿಸಿದ. ಫ್ರಾನ್ಸಿನಿಂದ ವೈನು, ಬ್ರಾಂದಿ ತರಿಸಿ ಹಣವೆಲ್ಲ ಹೊರಗೆ ಹೋಗುತ್ತಿದೆ, ಇಲ್ಲಿನ ಧಾನ್ಯದಿಂದ ಇಲ್ಲೇ ಬಿಯರ್ ಮಾಡಿದರೆ ರೈತನಿಗೂ ಲಾಭ ಎಂಬ ಲೆಕ್ಕ. ಅದು ಕೆಲವೇ ವರ್ಷ ನಡೆದು ಮುಚ್ಚಿತು. ಕಟ್ಟಡ ಅಧಿಕಾರಿಯ ಅರಮನೆಯಾಯಿತು, ಸುಟ್ಟಿತು, ಮತ್ತೆ ಎದ್ದಿತು, 1775ರಲ್ಲಿ ಅಮೆರಿಕನ್ನರು ಊರಿಗೆ ಮುತ್ತಿಗೆ ಹಾಕಿದಾಗ ಹಾಳಾಯಿತು. ನೆಲಮಾಳಿಗೆಯ ಕಲ್ಲಿನ ಕಮಾನುಗಳು ಮಾತ್ರ ಉಳಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸ್ವೆಲ್ ಎಂಬ ಐರಿಷ್ ಮೂಲದವನು ಅದೇ ಜಾಗದಲ್ಲಿ ಮತ್ತೆ ಬಿಯರ್ ಕಾರ್ಖಾನೆ ನಡೆಸಿದ. 1909ರಲ್ಲಿ ಡೌ, ಬಾಸ್ವೆಲ್ ಮೊದಲಾದ ಹಲವು ಕಂಪನಿಗಳು ಸೇರಿ ‘ನ್ಯಾಷನಲ್ ಬ್ರೂವರೀಸ್’ ಆಯಿತು. 1952ರಲ್ಲಿ ಟೊರಾಂಟೊದ ಉದ್ಯಮಿ ಇ. ಪಿ. ಟೇಲರ್‌ನ ಕಂಪನಿ ಅದನ್ನು ಕೊಂಡು, ಒಟ್ಟಿಗೇ ‘ಡೌ’ ಎಂದು ಹೆಸರಿಟ್ಟಿತು. ‘ಈಗೊಂದು ಡೌ ಸಿಕ್ಕರೆ ಎಷ್ಟು ಚೆನ್ನ’ ಎಂಬರ್ಥದ ಜಾಹೀರಾತು ಆಗ ಮನೆಮಾತು. ಅರವತ್ತರ ದಶಕದ ನಡುವಿನಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಬಿಯರ್ ಇದೇ. ಕ್ವಿಬೆಕ್ ಸಿಟಿಯಲ್ಲಂತೂ ಬಿಯರ್ ಎಂದರೆ ಡೌ.

ಇನ್ನು ನೊರೆಯ ವಿಷಯ. ಬಿಯರ್ ಕುಡಿಯುವವರಿಗೆ ಲೋಟದ ಮೇಲೆ ಬೆಳ್ಳಗೆ ನೊರೆ ನಿಲ್ಲಬೇಕು. ಫಿಲ್ಟರ್ ಕಾಫಿಗೆ ನೊರೆ ಬಾರದಿದ್ದರೆ ನಮ್ಮ ಮಾವನವರು ಮುಖ ಗಂಟಿಕ್ಕುವ ಹಾಗೆಯೇ ಇದು. ಆ ಕಾಲಕ್ಕೆ ಹೋಟೆಲು, ಮನೆಗಳಲ್ಲಿ ಸೋಪಿನ ಬದಲು ಹೊಸ ಡಿಟರ್ಜೆಂಟುಗಳು ಬಂದಿದ್ದವು. ಲೋಟ ಎಷ್ಟೇ ತೊಳೆದರೂ ಅದರ ಪಸೆ ಒಂದಿಷ್ಟು ಉಳಿದು ನೊರೆಯನ್ನು ಕ್ಷಣದಲ್ಲಿ ಇಳಿಸಿಬಿಡುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಕೋಬಾಲ್ಟ್ ಲವಣ. ಬಿಯರಿಗೆ ಚಿಟಿಕೆಗಿಂತಲೂ ಕಡಿಮೆ ಬೆರೆಸಿದರೆ ಸಾಕು, ನೊರೆ ನಿಲ್ಲುತ್ತದೆ. ಕೋಬಾಲ್ಟ್ ವಿಷವೆಂದು ಯಾರೂ ಭಾವಿಸಿರಲಿಲ್ಲ. ಸಸ್ಯಾಹಾರಿಗಳಾದ ನಮ್ಮಲ್ಲಿ ಅನೇಕರಿಗೆ ಕಡಿಮೆ ಇರುವ ವಿಟಮಿನ್ ಬಿ-12ರ ನಡುಮಧ್ಯದಲ್ಲಿ ಇರುವುದು ಕೋಬಾಲ್ಟೇ. ರಕ್ತಹೀನತೆಗೆ ಡಾಕ್ಟರುಗಳೇ ಅದರ ಲವಣವನ್ನು ಔಷಧಿಯಾಗಿ ಕೊಡುತ್ತಿದ್ದ ಕಾಲ ಅದು.

ಡೌ ಕಂಪನಿ ಕೋಬಾಲ್ಟ್ ಬೆರೆಸಲು ಆರಂಭಿಸಿದ್ದು 1965ರ ಜುಲೈನಲ್ಲಿ. ಆಗಸ್ಟಿನಲ್ಲಿ ಕ್ವಿಬೆಕ್ ಸಿಟಿಯ ಆಸ್ಪತ್ರೆಗೆ ಮೊದಲ ರೋಗಿ ಬಂದ. ಮುಂದಿನ ಕೆಲವು ತಿಂಗಳುಗಳಲ್ಲಿ ಒಟ್ಟು ಐವತ್ತರ ಹತ್ತಿರ ಮಂದಿ, ಹೆಚ್ಚಿನವರು ಗಂಡಸರು, ದುಡಿದು ತಿನ್ನುವವರು. ಎಲ್ಲರದೂ ಒಂದೇ ಚಿತ್ರ: ಏದುಸಿರು, ಹಿಗ್ಗಿದ ಹೃದಯ, ಹೃದಯದ ಸುತ್ತ ನೀರು, ಊದಿದ ಯಕೃತ್ತು, ಕಪ್ಪಿಟ್ಟ ಮುಖ. ಹೊಟ್ಟೆಗಿಲ್ಲದ ಕುಡುಕರಲ್ಲಿ ಥಯಾಮಿನ್ ಕೊರತೆಯಿಂದ ಹೀಗೇ ಹೃದಯ ಸೋಲುವುದುಂಟು. ಅದಾದರೆ ಥಯಾಮಿನ್ ಚುಚ್ಚಿದ ಕೂಡಲೇ ಚೇತರಿಸುತ್ತಾರೆ. ಇವರು ಚೇತರಿಸಲಿಲ್ಲ. ಸುಮಾರು ಇಪ್ಪತ್ತು ಮಂದಿ ಸತ್ತರು.

ಎಲ್ಲರೂ ಬಿಯರ್ ಕುಡಿಯುವವರು, ಹೆಚ್ಚಿನವರು ದಿನಕ್ಕೆ 6 ಲೀಟರಿಗೂ ಮೀರಿ. ಅವರ ಬಿಯರ್ ಹೆಚ್ಚಾಗಿ ಡೌ. ಆದರೆ ಮಾಂಟ್ರಿಯಲ್‌ನಲ್ಲೂ ಡೌ ಕುಡಿಯುವವರು ಸಾವಿರಾರು ಮಂದಿ ಇದ್ದರು, ಅಲ್ಲಿ ಈ ರೋಗವಿಲ್ಲ! ಈ ಒಗಟು ಬಿಡಿಸಿದವರಲ್ಲಿ ಡಾ. ಈವ್ ಮೋರಾಂ ಮತ್ತು ಡಾ. ಫಿಲಿಪ್ ಡಾನಿಯೆಲ್ ಮುಖ್ಯರು. ಅವರ ಲೇಖನ 1967ರಲ್ಲಿ ಕೆನಡಾದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. ಸತ್ತವರ ಥೈರಾಯ್ಡ್ ಗ್ರಂಥಿಯಲ್ಲಿ ಕಂಡ ಬದಲಾವಣೆ ಕೋಬಾಲ್ಟಿನ ಕಡೆಗೆ ಬೆರಳು ತೋರಿಸಿತು. ಕಾರ್ಖಾನೆಯ ಲೆಕ್ಕ ನೋಡಿದರೆ, ಕ್ವಿಬೆಕ್ ಸಿಟಿಯಲ್ಲಿ ಬೆರೆಸುತ್ತಿದ್ದ ಕೋಬಾಲ್ಟ್ ಮಾಂಟ್ರಿಯಲ್‌ನದಕ್ಕಿಂತ ಹತ್ತು ಪಟ್ಟು ಹೆಚ್ಚು. ಬೆರೆಸುವುದನ್ನು ನಿಲ್ಲಿಸಿದ ಮೇಲೆ ಹೊಸ ರೋಗಿಗಳು ಬರುವುದೂ ನಿಂತಿತು. ಅಮೆರಿಕದ ಒಮಾಹಾ, ಮಿನಿಯಾಪೊಲಿಸ್, ಬೆಲ್ಜಿಯಂನ ಲೂವೆನ್ ಊರುಗಳಲ್ಲೂ ಕೋಬಾಲ್ಟ್ ಬಿಯರಿನಿಂದ ಇದೇ ರೋಗ ಬಂದದ್ದು ಬೆಳಕಿಗೆ ಬಂತು.

ಇಷ್ಟಾದರೂ ಒಂದು ಗಂಟು ಉಳಿಯಿತು. ರಕ್ತಹೀನತೆಯ ರೋಗಿಗಳಿಗೆ ಕೊಡುತ್ತಿದ್ದ ಕೋಬಾಲ್ಟ್ ಬಿಯರಿನಲ್ಲಿ ಹೊಟ್ಟೆಗೆ ಹೋಗುತ್ತಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರ ಹೃದಯಕ್ಕೆ ಹೀಗೆ ಆಗಿರಲಿಲ್ಲ. ಸರಿಯಾಗಿ ಉಣ್ಣದೆ ಬಿಯರನ್ನೇ ಊಟ ಮಾಡಿಕೊಂಡವರ ದೇಹದಲ್ಲಿ ಪ್ರೋಟೀನಿಲ್ಲ, ಜೀವಸತ್ವವಿಲ್ಲ, ಮೇಲೆ ಆಲ್ಕೋಹಾಲ್. ಅಂಥ ಹೃದಯಕ್ಕೆ ಅಷ್ಟು ಕೋಬಾಲ್ಟೇ ಸಾಕಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಸಾಯಿಸಿದ್ದು ಬರೀ ಕುಡಿತವಲ್ಲ, ಬರೀ ಕೋಬಾಲ್ಟೂ ಅಲ್ಲ. ಕಂಪನಿಗೆ ಇದು ಅನುಕೂಲವಾಗಿಯೇ ಇತ್ತು. ಅದು ಹೊಣೆ ಒಪ್ಪಿಕೊಳ್ಳಲಿಲ್ಲ. ಆದರೆ 1966ರ ಮಾರ್ಚಿನಲ್ಲಿ ಸುದ್ದಿ ಹೊರಬಿದ್ದಾಗ ಕ್ವಿಬೆಕ್ ಸಿಟಿಯ ಕಾರ್ಖಾನೆ ನಿಲ್ಲಿಸಿ, ಇದ್ದ ಬಿಯರನ್ನೆಲ್ಲ ಸೇಂಟ್ ಲಾರೆನ್ಸ್ ನದಿಗೆ ಸುರಿಯಿತು. ಜನರ ಭಯ ತೊಳೆಯಲೆಂದು ಸುರಿದರು. ‘ತಪ್ಪಿಲ್ಲದಿದ್ದರೆ ಯಾಕೆ ಸುರಿದರು?’ ಎಂದು ಜನ ಕೇಳಿದರು. ಡೌ ಮತ್ತೆ ತಲೆ ಎತ್ತಲಿಲ್ಲ.

ವಿಚಿತ್ರವೆಂದರೆ ಆ ಮಾರ್ಚ್ ಕಳೆದು ಏಪ್ರಿಲ್ 1ರಂದು ಮಾಂಟ್ರಿಯಲ್‌ನಲ್ಲಿ ಡೌ ಪ್ಲಾನೆಟೇರಿಯಂ ಬಾಗಿಲು ತೆರೆಯಿತು. ಕೆನಡಾದ ನೂರನೆಯ ವರ್ಷದ ಸಂಭ್ರಮಕ್ಕೆಂದು ಕಂಪನಿಯೇ ಹಣ ಕೊಟ್ಟು ಕಟ್ಟಿಸಿದ್ದು. ಅದು 2011ರಲ್ಲಿ ಮುಚ್ಚಿತು. ನಾನು ರೆಸಿಡೆನ್ಸಿಗೆ ಬಂದ ಹೊಸತರಲ್ಲಿ, ಚಳಿಗಾಲದ ಒಂದು ಭಾನುವಾರ ಅಲ್ಲಿ ಕುಳಿತು ನಕ್ಷತ್ರ ನೋಡಿದ್ದೇನೆ, ಯಾರ ಹಣದ ನಕ್ಷತ್ರಗಳೆಂದು ಗೊತ್ತಿಲ್ಲದೆ.

ಗೊತ್ತಾದದ್ದು ಮರುವರ್ಷ, ಬೆಳಗಿನ ರೌಂಡ್ಸ್‌ನಲ್ಲಿ. ಹೃದಯ ಸೋತ ಒಬ್ಬ ರೋಗಿಯ ವಿವರ ಒಪ್ಪಿಸುತ್ತ, “ಕುಡಿತದ ಚಟವಿದೆ” ಎಂದು ಮುಂದಿನ ಸಾಲಿಗೆ ಹೋಗಿದ್ದೆ. ನಮ್ಮ ಹಿರಿಯ ವೈದ್ಯರು ತಡೆದು, “ಏನು ಕುಡಿಯುತ್ತಾನೆ?” ಎಂದರು. “ಬಿಯರ್.” “ಯಾವ ಬಿಯರ್?” ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ. ಅಂದು ವಾರ್ಡಿನ ಓಣಿಯಲ್ಲಿ ನಿಂತುಕೊಂಡೇ ಅವರು ಹೇಳಿದ್ದು ಈ ಕಥೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಾವು “ಕುಡೀತೀಯೇನು?” ಎಂದು ಕೇಳುತ್ತಿದ್ದೆವು, ಅವನು ತಲೆ ತಗ್ಗಿಸಿ “ಹೂಂ ರೀ ಸರ್” ಎನ್ನುತ್ತಿದ್ದ, ನಾವು ಬರೆದುಕೊಳ್ಳುತ್ತಿದ್ದೆವು. ಬರೆದ ಮೇಲೆ ಯೋಚನೆ ಅಲ್ಲಿಗೆ ನಿಲ್ಲುತ್ತಿತ್ತು. ಅವನ ಮೇಲೆ ಸ್ವಲ್ಪ ಸಿಟ್ಟೂ ಬರುತ್ತಿತ್ತೆಂದು ಈಗ ಒಪ್ಪಿಕೊಳ್ಳಬೇಕು. ಕ್ವಿಬೆಕ್ ಸಿಟಿಯ ವೈದ್ಯರೂ ಆ ಐವತ್ತು ಮಂದಿಯನ್ನು ‘ಕುಡುಕರು’ ಎಂದು ಬರೆದು ಮುಂದಿನ ಹಾಸಿಗೆಗೆ ಹೋಗಬಹುದಿತ್ತು.

ಕೋಬಾಲ್ಟ್ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಜರ್ಮನಿಯ ಮಾರ್ಬುರ್ಗ್‌ನ ವೈದ್ಯರು ಒಬ್ಬ ರೋಗಿಯ ವಿಷಯ ಬರೆದರು. ಅದೇ ಸೋತ ಹೃದಯ, ಥೈರಾಯ್ಡ್ ತೊಂದರೆ. ಆದರೆ ಬಿಯರ್ ಅಲ್ಲ. ಅವನ ಸೊಂಟದ ಕೃತಕ ಕೀಲಿನ ಲೋಹ ಸವೆದು ಕೋಬಾಲ್ಟ್ ರಕ್ತಕ್ಕೆ ಸೇರುತ್ತಿತ್ತು. ಕೀಲು ಬದಲಿಸಿಕೊಂಡ ನಮ್ಮ ಹಿರಿಯರು ಗಾಬರಿಯಾಗಬೇಕಿಲ್ಲ, ಇದು ತೀರಾ ಅಪರೂಪ.

ಡೌ ಹೆಸರಿನ ಬಿಯರ್ ಸೊರಗುತ್ತಾ ಬಂದು 1990ರ ದಶಕದಲ್ಲಿ ಕೊನೆಗೊಂಡಿತು. ಕ್ವಿಬೆಕ್ ಸಿಟಿಯಲ್ಲಿ ತಾಲೋನ್‌ನ ಕಾರ್ಖಾನೆ ಇದ್ದ ಜಾಗ ಈಗ ಪುರಾತತ್ವದ ತಾಣ. ಕಮಾನುಗಳು ಹಾಗೇ ಇವೆ. ಇನ್ನು ನಮ್ಮ ತಟ್ಟೆ. ಇಷ್ಟೆಲ್ಲ ಕೇಳಿದ ಮೇಲೆ ನನ್ನಾಕೆ, “ತಟ್ಟೇಲೂ ಕೋಬಾಲ್ಟ್ ಇದೆಯೇನ್ರೀ?” ಎಂದಳು. ಕೋಬಾಲ್ಟ್ ಇದ್ದದ್ದು ಬಿಯರಿನಲ್ಲಿ, ತಟ್ಟೆಯಲ್ಲಲ್ಲ. ಆದರೆ ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಏಳುತ್ತಿರುವ ಬಣ್ಣದ ಮೇಲೆ ತಿನ್ನುವ ಪದಾರ್ಥ ಬೇಡ ಎಂದೆ. “ಹೋದ ವರ್ಷ ಯಾಕೆ ಹೇಳಲಿಲ್ಲ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಯುಗಾದಿಗೆ ಬೇವು-ಬೆಲ್ಲ ಸ್ಟೀಲ್ ತಟ್ಟೆಯಲ್ಲಿ ಹೋಯಿತು. ಡೌ ತಟ್ಟೆ ನನ್ನ ಮೇಜಿನ ಮೇಲೆ ಕಾರಿನ ಕೀಲಿಯನ್ನೂ ಕಟ್ಟಬೇಕಾದ ಬಿಲ್ಲುಗಳನ್ನೂ ಹೊತ್ತುಕೊಂಡು ಕುಳಿತಿದೆ.