ಉಪ್ಪು ತಿಂದ ಲಾರಿ

ಆಷಾಢ ಕಾಲಿಟ್ಟಿತೆಂದರೆ ನಮ್ಮ ಕರಾವಳಿಯ ಅಡಿಗೆಮನೆಗಳಲ್ಲಿ ಉಪ್ಪಿನ ಭರಣಿಗೆ ಜೀವ ಬರುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿ ಹಾಕಿ, ಅದು ಒಳಗೊಳಗೇ ಬೆವರಿ ತಳದಲ್ಲಿ ನೀರು ನಿಲ್ಲಿಸಿಕೊಂಡು ಕೂತಿರುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪು ಬಂದ ಮೇಲೆ ಈ ರಗಳೆ ಕಡಿಮೆಯಾಗಿದೆ, ನಿಜ. ಆದರೆ ಉಪ್ಪಿನಕಾಯಿಗೆ ನನಗೆ ಇಂದಿಗೂ ಸಾಣಿಕಟ್ಟೆಯ ಹರಳುಪ್ಪೇ ಆಗಬೇಕು. ಆ ಮಾಸಲು ಹರಳುಗಳನ್ನು ಭರಣಿಗೆ ಸುರಿಯುವಾಗಲೆಲ್ಲ ನೆನಪಾಗುವುದು ಅಪ್ಪನ ಲಾರಿ. ಅದರಲ್ಲೂ ಲಾರಿಯ ಹೊಟ್ಟೆಯಡಿ ಮಲಗಿದ್ದ ಎರಡು ಕಬ್ಬಿಣದ ತೊಲೆಗಳು.

ಸಾಣಿಕಟ್ಟೆ ಇರುವುದು ನಮ್ಮ ಕುಮಟಾ ತಾಲೂಕಿನಲ್ಲಿ, ಗೋಕರ್ಣದ ಹತ್ತಿರ. ಭರತದ ನೀರನ್ನು ಗದ್ದೆಯಂಥ ಪಾತಿಗಳಿಗೆ ಕಟ್ಟಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವ ಆಗರಗಳು ಅಲ್ಲಿ ಬಹಳ ಹಿಂದಿನಿಂದಲೂ ಇವೆ. ಘಟ್ಟದ ಮೇಲಿನವರ ಸಾರಿಗೆ ಕರಾವಳಿಯ ಉಪ್ಪು ಬೀಳಬೇಕಾದರೆ ಮೊದಲೆಲ್ಲ ಲಂಬಾಣಿಗರ ಹೇರೆತ್ತುಗಳು ಬೇಕಾಗಿದ್ದವು. ಆಮೇಲೆ ಗಾಡಿಗಳು ಬಂದವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಇಂಗ್ಲೆಂಡಿನ ಮಾರುಕಟ್ಟೆಯವರೆಗೂ ಹೋಗಿತ್ತಂತೆ. ಹತ್ತಿ ಬೆಳೆದದ್ದು ಅವರು, ಹೆಸರು ಬಂದದ್ದು ನಮಗೆ! 1880ರ ದಶಕದ ಕೊನೆಗೆ ಮುರಗಾಂವ್ ಬಂದರಿಗೆ ರೈಲು ಬಂತು, ನಮ್ಮ ಬಂದರಿನ ಭಾಗ್ಯ ಇಳಿಯಿತು. ಉಪ್ಪು ಮಾತ್ರ ಘಟ್ಟ ಹತ್ತುವುದನ್ನು ಬಿಡಲಿಲ್ಲ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಜನ ಕಾಯಿದೆ ಮುರಿದು ಉಪ್ಪು ತೆಗೆದು ಜೈಲಿಗೆ ಹೋದರು. ಆ ಕಥೆ ಪಠ್ಯಪುಸ್ತಕದಲ್ಲಿದೆ. ಹೇರೆತ್ತಿಗೂ ಗಾಡಿಗೂ ಇಲ್ಲದ ಒಂದು ಕಷ್ಟ ಲಾರಿಗೆ ಬಂದ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಎತ್ತಿನ ಬೆನ್ನಿಗೆ ಉಪ್ಪು ತಾಗಿದರೆ ತೊಳೆದರಾಯಿತು. ಗಾಡಿಯದ್ದು ಹೆಚ್ಚಾಗಿ ಮರ. ಲಾರಿಯೋ, ಅಡಿಯಿಂದ ಮುಡಿವರೆಗೆ ಕಬ್ಬಿಣ.

ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿದು, ಮೂತಿಯ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದವರ ‘ಟಿ’ ಅಕ್ಷರ ಬಂತು. ನಮ್ಮ ಕಡೆಯ ಜನರ ಬಾಯಲ್ಲಿ ಮಾತ್ರ ಅದು ಎಷ್ಟೋ ವರ್ಷ ‘ಬೆಂಜ್ ಲಾರಿ’ಯಾಗಿಯೇ ಉಳಿಯಿತು. ಅಪ್ಪ 1971ರಲ್ಲಿ ಸಾಲ ಮಾಡಿ ಕೊಂಡದ್ದು ನಕ್ಷತ್ರದ ಕಾಲದ ಒಂದು ಹಳೆಯ ಗಾಡಿ. ಸಾಣಿಕಟ್ಟೆಯಲ್ಲಿ ಉಪ್ಪಿನ ಚೀಲ ತುಂಬಿ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಇಳಿಸಿ ಬರುವುದು ಅಪ್ಪನ ಕಸುಬು.

ಲಾರಿಯ ಅಡಿಗೆ ತೂರಿ ನೋಡಿದವರು ನಮ್ಮ ಹೆಂಗಸರಲ್ಲಿ ಕಡಿಮೆ, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ಒಂದು ಏಣಿಯನ್ನು ಮಲಗಿಸಿದ ಹಾಗೆ ಇರುತ್ತದೆ ಅದರ ಚಾಸಿ. ಏಣಿಯ ಎರಡು ಉದ್ದ ಕಾಲುಗಳೇ ಇಡೀ ಭಾರ ಹೊರುವ ತೊಲೆಗಳು. ಅವು ಗಟ್ಟಿ ಕಬ್ಬಿಣವಲ್ಲ. ದಪ್ಪ ತಗಡನ್ನು ಮೇಲೆ ಕೆಳಗೆ ಮಡಚಿ ಒಂದು ಬದಿ ತೆರೆದಿಟ್ಟಿರುತ್ತಾರೆ, ತೋಟಕ್ಕೆ ನೀರು ಹಾಯಿಸುವ ಅಡಿಕೆ ದಂಬೆಯನ್ನು ಪಕ್ಕಕ್ಕೆ ಹೊರಳಿಸಿದಂತೆ. ಹೊರಗಿನಿಂದ ನುಣ್ಣಗೆ ಬಣ್ಣ ಬಳಿದುಕೊಂಡು ಕಾಣುವ ಆ ತೊಲೆಯ ಒಳಗೆ, ಕೆಳಗಿನ ಮಡಿಕೆಯ ಮೇಲೆ, ರಸ್ತೆಯ ಕೆಸರು, ಆಯಿಲಿನ ಜಿಡ್ಡು, ಉಪ್ಪುನೀರು ಎಲ್ಲ ಕೂಡಿ ಮೆತ್ತಿಕೊಳ್ಳುತ್ತದೆ. ಅಡ್ಡಪಟ್ಟಿಗಳು ಬಂದು ಸೇರುವ ಮೂಲೆಗಳಲ್ಲಂತೂ ಗೂಡು ಕಟ್ಟುತ್ತದೆ. ಮೇಲೆ ಬಾಡಿಯ ಮರದ ಅಡ್ಡೆಗಳು ಉಪ್ಪುನೀರು ಕುಡಿದು, ಗಾಯಕ್ಕೆ ಕಟ್ಟಿದ ಒದ್ದೆ ಬಟ್ಟೆಯ ಹಾಗೆ ತೊಲೆಯ ಬೆನ್ನಿಗೆ ಅಂಟಿಕೊಂಡಿರುತ್ತವೆ. ಹರಳುಪ್ಪು ಮಳೆಗಾಲದ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆಯಲ್ಲ, ಮಳೆ ಬೀಳದಿದ್ದರೂ ಆ ಮೂಲೆಗಳು ಒಣಗುವುದಿಲ್ಲ.

‘ಉಪ್ಪು ತಿಂದವ ನೀರು ಕುಡೀಲೇಬೇಕು’ ಎಂದು ನಗುತ್ತ ಅಪ್ಪ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಲಾರಿಯನ್ನು ತೊಳೆಸುತ್ತಿದ್ದ. ಮೊದಲ ವರ್ಷ ಕ್ಲೀನರ್ ಹುಡುಗ ಮನೆಯ ಹತ್ತಿರದ ಅಘನಾಶಿನಿ ಹೊಳೆಗೆ ಇಳಿಸಿ ಲಕಲಕ ತೊಳೆದು ತಂದ. ಆಯಿ ಅಂಗಳಕ್ಕೆ ಬಂದು, ತೊಟ್ಟಿಕ್ಕುತ್ತಿದ್ದ ನೀರಿಗೆ ಬೆರಳು ಹಿಡಿದು ನಾಲಿಗೆಗೆ ಮುಟ್ಟಿಸಿಕೊಂಡಳು. ‘ಇದು ತೊಳೆದದ್ದೋ, ಇನ್ನಷ್ಟು ಉಪ್ಪು ಹಚ್ಚಿದ್ದೋ?’ ಎಂದಳು. ಭರತದ ಉಪ್ಪುನೀರು ಹೊಳೆಯೊಳಗೆ ಬಹುದೂರ ಏರುತ್ತದೆ. ಅದನ್ನು ಅಕ್ಕಿ ತೊಳೆಯಲು ಯಾರೂ ತರುವುದಿಲ್ಲ. ಲಾರಿಗೆ ಸಾಕು ಎಂದು ಗಂಡಸರಿಗೆ ಅನಿಸಿತ್ತು! ಅಂದಿನಿಂದ ಘಟ್ಟದ ಬುಡದ ಸಿಹಿನೀರಿನ ಹಳ್ಳಕ್ಕೇ ಹೋಗಬೇಕೆಂದು ಆಜ್ಞೆಯಾಯಿತು.

ತೊಳೆದ ಮೇಲೆ ಎರಡು ದಿನ ಬಿಸಿಲು. ಆಮೇಲೆ ಸುತ್ತಿಗೆಯಿಂದ ತೊಲೆಯುದ್ದಕ್ಕೂ ಕುಟ್ಟುತ್ತ ಹೋಗುವುದು. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ತಿಂದಿದ್ದರೆ ಒಡಕು ಮಡಕೆಯ ಸದ್ದು. ಉಳಿಯಿಂದ ಕೆತ್ತಿ, ತಂತಿ ಬ್ರಷ್‌ನಿಂದ ತಿಕ್ಕಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ರೆಡ್ ಆಕ್ಸೈಡ್ ಎರಡು ಕೈ ಬಳಿಯುವುದು. ಅದು ಒಣಗಿದ ಮೇಲೆ ಗೇರುಸಿಪ್ಪೆ ಎಣ್ಣೆ ಇಲ್ಲವೆ ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲು. ದೋಣಿಗಳಿಗೆ ಹಚ್ಚುವ ಆ ಗೇರೆಣ್ಣೆ ಕೈಗೆ ತಾಗಿದರೆ ಬೊಬ್ಬೆ ಬರುತ್ತದೆಂದು ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಕರಿ ಆಯಿಲು ಮಳೆಗೆ ತೊಳೆದು ಹಳ್ಳ ಸೇರುತ್ತದೆ ಎಂಬ ವಿಚಾರ ಆಗ ಯಾರಿಗೂ ಇರಲಿಲ್ಲ. ಇಂದಾದರೆ ನಾನೇ ಬೇಡವೆನ್ನುತ್ತಿದ್ದೆ.

ಅಡ್ಡಪಟ್ಟಿಗಳ ಹಿಂದಿನ ಇಕ್ಕಟ್ಟಿನ ಮೂಲೆಗೆ ದೊಡ್ಡವರ ಕೈ ಹೋಗುತ್ತಿರಲಿಲ್ಲ. ಅದು ನನ್ನ ಪಾಲಿನ ಕೆಲಸ. ಒಂಬತ್ತು ವರ್ಷದವಳಿದ್ದಾಗಿನಿಂದ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ತೆಂಗಿನ ನಾರಿನ ಮುಷ್ಟಿ ಹಿಡಿದು, ಮೊಣಕೈವರೆಗೆ ತೂರಿಸಿ ತಿಕ್ಕುತ್ತಿದ್ದೆ. ಕೆಂಪು ಹುಡಿ ಕಣ್ಣಿಗೆ ಬೀಳುತ್ತಿತ್ತು. ‘ತಂಗೀ, ಇನ್ನೊಂಚೂರು ಒಳಗೆ’ ಎಂದು ಅಪ್ಪ ಲಾಟೀನು ಹಿಡಿದು ಹೇಳುವನು. ಶಾಲೆಯಲ್ಲಿ ಅಂಗೈ ನೋಡಿ ಗೆಳತಿಯರು ‘ಮದರಂಗಿಯೇನೇ?’ ಎಂದು ಕೇಳುತ್ತಿದ್ದರು.

1975ರ ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಅಜ್ಜಿ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟಳು: ಗಂಡಸರು ಓಡಾಡುವಲ್ಲಿ, ಲಾರಿಯಡಿ ಮಲಗುವುದು ಇನ್ನಿಲ್ಲ. ನನಗೂ ಒಳಗೊಳಗೇ ಸಂತೋಷವೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ, ಆ ಕೆಲಸ ಯಾರಿಗೆ ಬೇಕಿತ್ತು? ಆ ವರ್ಷ ಕೈ ಹೋಗುವಲ್ಲಿಗೆ ಹೋಯಿತು, ಹೋಗದಲ್ಲಿ ಬಿಟ್ಟಿತು.

ಮರುವರ್ಷ ಮೇ ತಿಂಗಳು. ಮಳೆಗೆ ಮೊದಲಿನ ಕೊನೆಯ ಖೇಪು, ನೂರರ ಹತ್ತಿರ ಚೀಲ. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತಂತೆ. ಹಿಂದಿನ ಸ್ಪ್ರಿಂಗ್ ಪಾಟಾ ಬಂದು ಕೂಡುವ ಜಾಗದಲ್ಲಿ ಎಡಗಡೆಯ ತೊಲೆ ಸೀಳಿತ್ತು. ಲಾರಿ ಉರುಳಲಿಲ್ಲ, ವಾಲಿತು. ವಾಲಿದ್ದಕ್ಕೆ ಚೀಲಗಳು ಜಾರಿದವು. ಮೇಲೆ ಕೂತಿದ್ದ ಕ್ಲೀನರ್ ಹುಡುಗನ ಕಾಲು ಅವುಗಳಡಿ ಸಿಕ್ಕಿತು. ಹದಿನೇಳರ ಹುಡುಗ. ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದು ಬಂದ ಮೇಲೆ ಅವನು ಒಂದು ಕಾಲು ಎಳೆದೇ ನಡೆದ. ಅವನ ಔಷಧಿಗೂ ಲಾರಿಯ ರಿಪೇರಿಗೂ ಆಯಿಯ ಪಾಟಲಿ ಹೋಯಿತು.

ಗ್ಯಾರೇಜಿನ ಮೇಸ್ತ್ರಿ ಒಡೆದ ಜಾಗವನ್ನು ಬಿಚ್ಚಿ ತೋರಿಸಿದ. ನಾನೂ ಅಪ್ಪನ ಹಿಂದೆ ನಿಂತಿದ್ದೆ. ಅಡ್ಡಪಟ್ಟಿಯ ಹಿಂದಿನ ಮೂಲೆಯಲ್ಲಿ, ನಾನು ತಿಕ್ಕುತ್ತಿದ್ದ ಜಾಗದಲ್ಲೇ, ಒಂದು ಮುಷ್ಟಿ ಗಾತ್ರದ ಉಪ್ಪು ಮಣ್ಣಿನ ಗಟ್ಟಿ ಇತ್ತು. ಅಪ್ಪ ಅದನ್ನು ನೋಡಿದ. ನನ್ನ ಕಡೆ ನೋಡಲಿಲ್ಲ. ಆ ಬಗ್ಗೆ ಅವನು ಸಾಯುವತನಕ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಒಳ್ಳೆಯದಿತ್ತೇನೋ.

ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಾದೆ. ತುಕ್ಕಿನ ಪಾಠ ಬಂದಾಗಲೆಲ್ಲ ನನ್ನ ಪ್ರಕರಣವನ್ನು ನಾನೇ ವಿಚಾರಣೆಗೆ ಹಾಕಿಕೊಂಡಿದ್ದೇನೆ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ಉಪ್ಪು ಆ ನೀರಿನಲ್ಲಿ ವಿದ್ಯುತ್ತಿನ ಹರಿವಿಗೆ ದಾರಿ ಸರಾಗ ಮಾಡಿಕೊಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಭಾರ ಹೆಚ್ಚು ಬೀಳುವಲ್ಲಿ ತೊಲೆಯ ಒಳಗೆ ಇನ್ನೊಂದು ತಗಡನ್ನು ಕೂಡಿಸಿ ರಿವೆಟ್ ಹೊಡೆದಿರುತ್ತಾರೆ. ಆ ಎರಡು ತಗಡುಗಳ ನಡುವೆ ತುಕ್ಕು ಹಪ್ಪಳದ ಪದರಗಳ ಹಾಗೆ ಉಬ್ಬಿ ರಿವೆಟ್ಟುಗಳನ್ನೇ ಎಳೆದಿತ್ತು. ಅಷ್ಟು ಒಂದು ವರ್ಷದಲ್ಲಿ ಆಗುವಂಥದ್ದಲ್ಲ. ಅಲ್ಲಿಗೆ ನನ್ನ ಕೈಯಲ್ಲ, ಕೂದಲೂ ಹೋಗುತ್ತಿರಲಿಲ್ಲ. ಹೀಗೆ ಲೆಕ್ಕ ಹಾಕಿ ನನ್ನನ್ನು ಬಿಡುಗಡೆ ಮಾಡಿಕೊಳ್ಳುತ್ತೇನೆ. ಮರುದಿನ ಪೇಟೆಯಲ್ಲಿ ಆ ಹುಡುಗ, ಈಗ ಮುದುಕ, ಕಾಲೆಳೆಯುತ್ತ ಎದುರು ಬಂದು ‘ಅಕ್ಕೋರೇ, ಆರಾಮೋ?’ ಎಂದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಮೇಸ್ತ್ರಿ ಒಡೆದಲ್ಲಿ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿ, ತೊಲೆಯ ತೆರೆದ ಬದಿಯನ್ನೂ ಮುಚ್ಚಿ ಪೆಟ್ಟಿಗೆಯಂತೆ ಮಾಡಿಕೊಟ್ಟ. ‘ಇನ್ನು ಒಳಗೆ ಒಂದು ಹನಿ ಹೋಗೂದಿಲ್ಲ’ ಎಂದ. ಆಯಿ ಕೇಳಿದಳು, ‘ಹೋಗೂದಿಲ್ಲ ಸರಿ, ಒಳಗಿದ್ದದ್ದು ಎಲ್ಲಿ ಹೋಗಬೇಕು? ಹಸಿ ಭರಣಿಗೆ ಮಾವಿನಮಿಡಿ ತುಂಬಿ ಬಾಯಿ ಕಟ್ಟಿದಂಗೆ ಆಯ್ತು.’ ಎಲ್ಲರೂ ನಕ್ಕರು. ಎರಡೇ ಮಳೆಗಾಲಕ್ಕೆ ಬೆಸುಗೆಯ ಸಂದಿಯಿಂದ ಕೆಂಪು ನೀರು ಒಸರಿತು. ಪಟ್ಟಿ ಕೊಯ್ದು ತೆಗೆದು, ಒಣಗಿಸಿ, ಬಣ್ಣ ಬಳಿದು ಮತ್ತೆ ಕೂಡಿಸಬೇಕಾಯಿತು. ಈ ಸಲ ಪಟ್ಟಿಯ ಕೆಳ ಅಂಚಿನಲ್ಲಿ ನೀರು ಇಳಿಯಲು ತೂತುಗಳನ್ನು ಬಿಟ್ಟ. ತೊಲೆಯ ಮಡಿಕೆಗೇ ತೂತು ಹೊಡೆದರೆ ಅದರ ಬಲ ಹೋಗುತ್ತದೆಂಬ ಎಚ್ಚರ ಅವನಿಗಿತ್ತು, ಪುಣ್ಯ. ಮುಂದೆ ಪ್ರತಿ ವರ್ಷ ಸೀರೆಯ ಕಚ್ಚೆ ಬಿಗಿದು ಲಾರಿಯಡಿ ಹೋಗಿ, ಆ ತೂತುಗಳನ್ನು ಕಡ್ಡಿಯಿಂದ ಚುಚ್ಚಿ ಬಿಡಿಸಿ, ಮುಖ ನೋಡುವ ಕನ್ನಡಿಯನ್ನು ಒಳಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದವಳು ಆಯಿ. ಅಜ್ಜಿ ಆಗಲೂ ಏನೋ ಅಂದಳು. ಆಯಿ ಕೇಳಿಸಿಕೊಳ್ಳಲಿಲ್ಲ.

ಇದೇ ಪೇಚಾಟ ದೊಡ್ಡದೊಡ್ಡವರಿಗೂ ಇತ್ತೆಂದು ಓದಿದಾಗ ನನಗೆ ಸಮಾಧಾನವಾಯಿತು. ಇಂಗ್ಲೆಂಡಿನ ಹಂಫ್ರಿ ಡೇವಿ 1824ರಲ್ಲಿ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡನ್ನು ಸಮುದ್ರದ ನೀರಿನಿಂದ ಕಾಯಲು, ಅದಕ್ಕೆ ಸತುವು, ಕಬ್ಬಿಣದ ತುಂಡುಗಳನ್ನು ತಾಗಿಸಿಟ್ಟ. ಆ ತುಂಡುಗಳು ಕರಗಿ ತಾಮ್ರ ಉಳಿಯಿತು. ಆದರೆ ಉಳಿದ ತಾಮ್ರಕ್ಕೆ ಚಿಪ್ಪುಹುಳುಗಳು ಮೆತ್ತಿಕೊಂಡು ಹಡಗು ನಿಧಾನವಾಯಿತು! ಅದೇ ತತ್ತ್ವ ಕಬ್ಬಿಣಕ್ಕೆ ಒದಗಿತು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬವನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಬಾವಿಕಟ್ಟೆಯ ಜಿಂಕ್ ಬಕೆಟ್ಟು ಅವನ ಪ್ರಸಾದ. ಅಪ್ಪನ ಲಾರಿಯ ತೊಲೆಗೆ ಆ ಭಾಗ್ಯ ಇರಲಿಲ್ಲ, ಅದಕ್ಕಿದ್ದದ್ದು ಬರೀ ಬಣ್ಣ.

ನನ್ನ ತಂಗಿಯ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಅಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಚೆಲ್ಲುತ್ತಾರಂತೆ. 1995ರಿಂದ 2000ರವರೆಗಿನ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕು ತಿಂದದ್ದಕ್ಕೆ ಟೊಯೊಟಾ ಕಂಪನಿ 2008ರಲ್ಲಿ ವಾರಂಟಿಯನ್ನು 15 ವರ್ಷಕ್ಕೆ ಏರಿಸಿ, ತೀರಾ ಹಾಳಾದವನ್ನು ಮರಳಿ ಕೊಂಡುಕೊಂಡ ಸುದ್ದಿ ಅವನೇ ಹೇಳಿದ್ದು. ತನ್ನ ಗಾಡಿಗೆ ಅವನು ಮಾಡಿಸುವ ಉಪಚಾರದ ವಿಡಿಯೋ ಕಳಿಸಿದ್ದ. ಉದ್ದ ಕೊಳವೆಯೊಂದನ್ನು ತೊಲೆಯ ತೂತಿನಲ್ಲಿ ತೂರಿಸುತ್ತಾರೆ, ಅದರ ತುದಿ ಸುತ್ತಲೂ ಮೇಣ ಚಿಮ್ಮಿಸುತ್ತ ಹಿಂದೆ ಸರಿಯುತ್ತದೆ. ತೊಳೆದು ಪೂರ್ತಿ ಒಣಗದೆ ಅದನ್ನು ಹಚ್ಚಬಾರದೆಂದು ಅಲ್ಲಿಯ ಮೆಕ್ಯಾನಿಕ್ ಹೇಳುವಾಗ ನನಗೆ ಆಯಿಯ ಮಾವಿನಮಿಡಿಯೇ ಕೇಳಿಸಿತು.

ಲಾರಿಯನ್ನು 1988ರಲ್ಲಿ ಗುಜರಿಗೆ ಹಾಕಿದೆವು. ತೊಲೆಗಳನ್ನು ಮಾತ್ರ ಅಪ್ಪ ಕೊಡಲಿಲ್ಲ. ಮನೆಯ ಮುಂದಿನ ಹಳ್ಳಕ್ಕೆ ಅಡ್ಡ ಹಾಕಿ, ಮೇಲೆ ಹಲಗೆ ಹೊಡೆದು ಕಾಲುಸಂಕ ಮಾಡಿಸಿದ. ನಾವು ದಾಟುವುದು ಇಂದಿಗೂ ಅದರ ಮೇಲೆಯೇ. ಮಳೆಗೆ ಮುಂಚೆ ತಿಕ್ಕಿ ರೆಡ್ ಆಕ್ಸೈಡ್ ಬಳಿಸುತ್ತೇನೆ. ವೆಲ್ಡಿಂಗ್ ಪಟ್ಟಿಯ ಹಿಂದಿನ ಮೂಲೆಗೆ ನನ್ನ ಕೈ ಈಗ ಹೋಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ರಜಕ್ಕೆ ಬಂದ ಮೊಮ್ಮಗಳು, ಹದಿಮೂರರವಳು, ‘ಅಜ್ಜಿ, ಸರಿ, ನಾ ನೋಡ್ತೆ’ ಎಂದು ಒಣಗಿದ ಹಳ್ಳಕ್ಕಿಳಿದು, ಮೊಣಕೈವರೆಗೆ ತೂರಿಸಿ, ಒಂದು ಮುಷ್ಟಿ ಕೆಂಪು ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದಳು. ನಾನು ಅದನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪು ಇರಲಿಲ್ಲ.