ಹತ್ತು ಪಾಸಾದ ಮಕ್ಕಳು ಎಲ್ಲಿ ಹೋದರು? ನಮ್ಮ ಹೋಬಳಿ ಪಿಯು ಕಾಲೇಜಿನ ಹಿಂದಿನ ಚರಿತ್ರೆ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

ಹೋದ ತಿಂಗಳು ನಮ್ಮ ತಾಲೂಕಿನಲ್ಲಿ ಹಳ್ಳಿ ಕಡೆಯ ಸರ್ಕಾರಿ ಪಿಯು ಕಾಲೇಜುಗಳ ಪರಿಶೀಲನಾ ಸಭೆ ಇತ್ತು. ಸಂಘಟನೆಯವರು ಅಂತ ನಮ್ಮನ್ನೂ ಕರೆದಿದ್ದರು, ಹಿಂದಿನ ಸಾಲಿನಲ್ಲಿ ಕೂತಿದ್ವಿ. ನಮ್ಮ ಹೋಬಳಿ ಕಾಲೇಜಿನ ಸರದಿ ಬಂತು.

"ಫಸ್ಟ್ ಇಯರ್ ದಾಖಲಾತಿ ಎಷ್ಟ್ರೀ?"
"ಹತ್ತೊಂಬತ್ತು ಸಾರ್."
"ಇಷ್ಟಕ್ಕೆಲ್ಲ ಒಂದು ಕಾಲೇಜಾ? ತಾಲೂಕಿನ ಕಾಲೇಜಿಗೆ ಸೇರಿಸೋಕೆ ಬರೀರಿ."

ಎರಡು ನಿಮಿಷ ಅಷ್ಟೇ. ಮುಂದಿನ ಕಾಲೇಜಿನ ಫೈಲು ತೆಗೆದರು.

ನಾನು ಎದ್ದು ನಿಂತು ಕೇಳಿದೆ: "ಸಾರ್, ಅದೇ ಕಾಂಪೌಂಡಿನ ಹೈಸ್ಕೂಲಲ್ಲಿ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದವರು ಎಷ್ಟು ಜನ? ಅದರಲ್ಲಿ ಪಿಯು ಸೇರದವರು ಎಲ್ಲಿದ್ದಾರೆ?" ಬಂದ ಉತ್ತರ: "ಅದು ನಮ್ಮ ಹತ್ರ ಬರಲ್ಲಪ್ಪ, ಹೈಸ್ಕೂಲಿನವರನ್ನ ಕೇಳಬೇಕು." ಹೈಸ್ಕೂಲಿನವರನ್ನ ಕೇಳಿದ್ರೆ, "ಪಾಸಾಗಿ ಟೀಸಿ ತಗೊಂಡು ಹೋದ್ರು, ಆಮೇಲೆ ನಮಗೇನು ಗೊತ್ತು?" ಅಂದರು.

ಒಂದೇ ಗೋಡೆಯ ಎರಡು ಕಡೆ ಎರಡು ರಿಜಿಸ್ಟರು. ನಡುವೆ ಬಿದ್ದುಹೋದ ಮಗುವಿನ ಹೆಸರು ಎರಡರಲ್ಲೂ ಇಲ್ಲ. ಈ ಸಂದಿಗೆ ಒಂದು ಚರಿತ್ರೆ ಇದೆ. ಅದನ್ನು ಹೇಳೋಕೇ ಇವತ್ತು ಕೂತಿದ್ದೀನಿ.

*

ಬಾಬಾಸಾಹೇಬರಿಂದಲೇ ಶುರು ಮಾಡ್ತೀನಿ. 1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಎಲ್ಫಿನ್‌ಸ್ಟನ್ ಕಾಲೇಜು ಸೇರಿ ಇಂಟರ್‌ಮೀಡಿಯೆಟ್ಟೂ ಮುಗಿಸಿದರು. ಅಷ್ಟೊತ್ತಿಗೆ ತಂದೆ ರಾಮ್‌ಜಿ ಸಕ್ಪಾಲರ ಕೈ ಖಾಲಿ. ಆಗ ಕೇಳೂಸ್ಕರ್ ಮೇಷ್ಟ್ರು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಮಾತಾಡಿ ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ ಕೊಡಿಸಿದರು. ಆ 25 ರೂಪಾಯಿ ಇಲ್ಲದೇ ಹೋಗಿದ್ದರೆ? ಸ್ಕೂಲು ದಾಟಿದ ಮೇಲೆ ಕೈ ಹಿಡಿಯೋರು ಬೇಕು ಅನ್ನೋದನ್ನ ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ, ತಾವೇ ಅಲ್ಲಿ ನಿಂತಿದ್ದವರು.

ಅದಕ್ಕೇ 1942ರಲ್ಲಿ ವೈಸರಾಯ್ ಕೌನ್ಸಿಲ್ ಸೇರಿದ ವರ್ಷವೇ ನಮ್ಮ ಜನರ ಕುಂದುಕೊರತೆಗಳ ಮನವಿ ಕೊಟ್ಟರು. ಅದರಲ್ಲಿ ಉನ್ನತ ವಿದ್ಯಾಭ್ಯಾಸದ ಬೇಡಿಕೆ ದೊಡ್ಡದಾಗಿಯೇ ಇತ್ತು. 1944ರಲ್ಲಿ ಪರಿಶಿಷ್ಟ ಜಾತಿ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯಿತು. ಇವತ್ತು ಸೈಬರ್ ಸೆಂಟರಿನಲ್ಲಿ ಕ್ಯೂ ನಿಂತು ಹಾಕುವ ಅರ್ಜಿಯ ಬೇರು ಅಲ್ಲಿದೆ. ಅದು ಯಾರೋ ಕೊಟ್ಟ ಭಿಕ್ಷೆ ಅಲ್ಲ.

*

ನಮ್ಮ ಮೈಸೂರು ಸೀಮೆಯಲ್ಲಿ ಏನಾಯ್ತು? 1918ರಲ್ಲಿ ನಾಲ್ವಡಿಯವರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. 1919ರ ವರದಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು, ಓದೋಕೆ ಸ್ಕಾಲರ್‌ಶಿಪ್ ಬೇಕು ಅಂದಿತು. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದ್ರೆ ಆ ಕೆಲಸಗಳ ಬಾಗಿಲು ತಟ್ಟೋಕೆ ಮೆಟ್ರಿಕ್ಕು, ಅದರ ಮೇಲಿನ ಓದು ಬೇಕಿತ್ತು. ಕಾಲೇಜು ಅಂದ್ರೆ ಪಟ್ಟಣದ ಮಾತು. ಹಳ್ಳಿ ಹುಡುಗ ಪಟ್ಟಣದಲ್ಲಿ ಉಳಿಯೋದೆಲ್ಲಿ, ಉಣ್ಣೋದೆಲ್ಲಿ? ಬೇರೆ ಸಮುದಾಯಗಳು ಇದಕ್ಕೆ ದಾರಿ ಮಾಡಿಕೊಂಡವು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಹುಟ್ಟಿತು. ಭೂಮಿ ಇದ್ದವರು ದೇಣಿಗೆ ಕೊಟ್ಟರು, ಮಠಗಳು ಅನ್ನ ಹಾಕಿದವು, ಹಾಸ್ಟೆಲುಗಳು ಎದ್ದವು. ಅವರನ್ನು ದೂರೋಕೆ ಇದನ್ನು ಹೇಳ್ತಿಲ್ಲ. ಹೊಲವೇ ಇಲ್ಲದ ನಮ್ಮ ಕೇರಿ ಯಾವ ದೇಣಿಗೆ ಎತ್ತಬೇಕಿತ್ತು? ನಮಗೆ ಸರ್ಕಾರದ ಹಾಸ್ಟೆಲೊಂದೇ ಮಠ.

ಸ್ವಾತಂತ್ರ್ಯ ಬಂದ ಮೇಲೆ ಇಂಟರ್‌ಮೀಡಿಯೆಟ್ ಹೋಗಿ ಒಂದು ವರ್ಷದ ಪಿಯುಸಿ ಬಂತು. 1964-66ರ ಕೊಠಾರಿ ಆಯೋಗ ಹತ್ತು, ಎರಡು, ಮೂರು ಅನ್ನೋ ಲೆಕ್ಕ ಹಾಕಿಕೊಟ್ಟಿತು. 1970ರ ದಶಕದಲ್ಲಿ ನಮ್ಮಲ್ಲಿ ಪಿಯುಸಿ ಎರಡು ವರ್ಷದ್ದಾಗಿತ್ತು. ಇದರಲ್ಲಿ ನಷ್ಟವೂ ಇತ್ತು, ಲಾಭವೂ ಇತ್ತು. ನಷ್ಟ ಏನಂದ್ರೆ, ಕೂಲಿ ಮನೆ ಇನ್ನೊಂದು ವರ್ಷ ದುಡಿಯೋ ಕೈ ಬಿಟ್ಟುಕೊಡಬೇಕು. ಲಾಭ ಏನಂದ್ರೆ, ಪಿಯುಸಿ ಕಲಿಯೋಕೆ ಡಿಗ್ರಿ ಕಾಲೇಜೇ ಬೇಕಿಲ್ಲ, ಹೈಸ್ಕೂಲಿಗೆ ಎರಡು ಕೊಠಡಿ ಸೇರಿಸಿದರೂ ಸಾಕು. ಹಾಗಾಗಿಯೇ ಜಿಲ್ಲೆಯಲ್ಲಿದ್ದ ಕಾಲೇಜು ತಾಲೂಕಿಗೆ ಬಂತು, ತಾಲೂಕಿನಿಂದ ಹೋಬಳಿಗೆ ಇಳಿಯಿತು. ಇವತ್ತು ಮುಚ್ಚೋಣ ಅಂತಿರೋದು ಆ ಎರಡು ಕೊಠಡಿಗಳನ್ನೇ.

ಅದೇ ಕಾಲಕ್ಕೆ 1973ರ ನವೆಂಬರಿನಲ್ಲಿ ಬೂಸಾ ಗಲಾಟೆ. ಬಸವಲಿಂಗಪ್ಪನವರ ಒಂದು ಮಾತಿಗೆ ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಕಳ್ಕೊಂಡರು. ಆ ಏಟಿನಿಂದ ಎದ್ದ ಹುಡುಗರು, ಕಾಲೇಜು ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರಂಥವರು ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಚಳವಳಿಯ ಮೊದಲ ತಲೆಮಾರು ಎಲ್ಲಿ ತಯಾರಾಯ್ತು ನೋಡಿ: ಹಾಸ್ಟೆಲಿನ ಚಾಪೆ ಮೇಲೆ, ಹತ್ತು ದಾಟಿದ ಓದಿನಲ್ಲಿ. ಆ ಮೆಟ್ಟಿಲು ಇಲ್ಲದಿದ್ರೆ ಈ ಪೋಸ್ಟ್ ಬರೆಯೋಕೆ ನಾನೂ ಇರ್ತಿರಲಿಲ್ಲ.

*

ಈಗ ನನ್ನ ಮನೆ ಕಥೆ. ನಾನು 1988ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಹೋಬಳಿಯಲ್ಲಿ ಕಾಲೇಜಿರಲಿಲ್ಲ. ತಾಲೂಕು 28 ಕಿಲೋಮೀಟರ್. ಹಾಸ್ಟೆಲ್ ಸೀಟು ಸಿಕ್ತು, ಅಪ್ಪ ಒಂದು ಟ್ರಂಕು ಸಾಲ ತಂದು ಕೊಟ್ಟ, ಹೊರಟೆ.

ನನ್ನ ತಂಗಿ 1990ರಲ್ಲಿ ಪಾಸಾದಳು. ನನಗಿಂತ 70 ನಂಬರ್ ಜಾಸ್ತಿ. ಗಣಿತದಲ್ಲಿ ಇಡೀ ಸ್ಕೂಲಿಗೇ ಮೊದಲು. ತಾಲೂಕಿನಲ್ಲಿ ಹುಡುಗೀರ ಹಾಸ್ಟೆಲಿನ ಸೀಟು ತುಂಬಿಹೋಗಿತ್ತು. ಬಸ್ಸು ದಿನಕ್ಕೆ ಎರಡು, ಸಂಜೆ ಬಸ್ಸು ತಪ್ಪಿದ್ರೆ ಹೆದ್ದಾರಿಯಿಂದ ಐದು ಮೈಲಿ ನಡಿಗೆ. ಅವ್ವ ಅಂದಳು, "ಹೆಣ್ಮಗೀನ ಅಷ್ಟು ದೂರ ಕಳ್ಸಕ್ಕಾಗ್ತದಾ ಮಗ?" ನಾನು ಏನೂ ಹೇಳಲಿಲ್ಲ. ನನ್ನ ಓದು ನಡೀತಿತ್ತಲ್ಲ. ಮುಂದಿನ ವರ್ಷ ಮದುವೆ ಮಾಡಿದರು. ಅವಳಿಗೆ ಹದಿನೇಳು.

ಹೋಬಳಿ ಹೈಸ್ಕೂಲಿಗೆ ಪಿಯು ಸೇರಿಸಿದ್ದು ಅದಾಗಿ ಏಳು ವರ್ಷಕ್ಕೆ. ಅದಕ್ಕಾಗಿ ತಮಟೆ ಹೊಡೆದು ಧರಣಿ ಕೂತವರಲ್ಲಿ ನಾನೂ ಒಬ್ಬ. ಉದ್ಘಾಟನೆ ದಿನ ತಂಗಿ ಚೊಚ್ಚಲ ಮಗನ ಕೈ ಹಿಡ್ಕೊಂಡು ಬಂದಿದ್ದಳು. ಬೋರ್ಡು ಓದಿದಳು. "ಇದು ನಮ್ಮನೆಯಿಂದ ನಡ್ಕೊಂಡ್ ಬರೋ ದೂರ ಅಲ್ವಾ ಅಣ್ಣ" ಅಂದಳು. ಅಷ್ಟೇ ಅಂದಿದ್ದು. ನನಗೆ ಇವತ್ತಿಗೂ ಅದಕ್ಕೆ ಉತ್ತರ ಇಲ್ಲ.

*

ಸರ್ಕಾರದ ಸವಲತ್ತುಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿ. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, 14 ವರ್ಷಕ್ಕೆ ನಿಲ್ಲುತ್ತೆ. ಸೈಕಲ್ ಕೊಟ್ಟಿದ್ದು ಎಂಟನೇ ಕ್ಲಾಸಿಗೆ. ಬಿಸಿಯೂಟ ಬೆಳೆದು ಬಂದದ್ದು ಹತ್ತನೇ ಕ್ಲಾಸಿನವರೆಗೆ. ನಮ್ಮ ಕಾಲೇಜಿನ ಕಾಂಪೌಂಡಿಗೆ ಮಧ್ಯಾಹ್ನ ಹೋಗಿ ನಿಂತ್ಕೊಳ್ಳಿ. ಬೆಲ್ ಹೊಡೆಯುತ್ತೆ, ಹೈಸ್ಕೂಲ್ ಮಕ್ಕಳು ತಟ್ಟೆ ಹಿಡಿದು ಸಾಲು ಕೂರ್ತಾರೆ. ಹೋದ ವರ್ಷದ ತನಕ ಅದೇ ಸಾಲಿನಲ್ಲಿ ಉಂಡ ಹುಡುಗಿ ಈ ವರ್ಷ ಪಿಯು ಅನ್ನೋ ಕಾರಣಕ್ಕೆ ಸಾಂಬಾರಿನ ವಾಸನೆ ಕುಡ್ಕೊಂಡು ಬೇವಿನ ಮರದಡಿ ಕೂತಿರ್ತಾಳೆ. ಜೂನಿನಲ್ಲಿ ಅವಳ ಹಸಿವು ಹೋಗಿಬಿಡ್ತಾ?

2023ರ ಶಕ್ತಿ ಯೋಜನೆ ಹುಡುಗೀರ ಟಿಕೆಟ್ ಉಳಿಸಿತು, ಒಪ್ಕೋತೀನಿ. ಆದ್ರೆ ಕ್ಲಾಸು ಒಂಬತ್ತೂವರೆಗೆ, ನಮ್ಮೂರಿನ ಬಸ್ಸು ಹತ್ತೂಕಾಲಿಗೆ. ಬಾರದ ಬಸ್ಸು ಫ್ರೀ ಆದ್ರೇನು?

ಇನ್ನು ಕಾಲೇಜಿನ ಒಳಗೆ. ಸೈನ್ಸ್ ಇಲ್ಲ, ಆರ್ಟ್ಸ್ ಮತ್ತು ಕಾಮರ್ಸ್ ಮಾತ್ರ. ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಮೊದಲ ಟೆಸ್ಟು ಮುಗಿದಿರುತ್ತೆ. ಸೈನ್ಸ್ ಬೇಕಾದವರು, ಕೈಯಲ್ಲಿ ನಾಲ್ಕು ಕಾಸು ಇರೋರು ತಾಲೂಕಿನ ಖಾಸಗಿ ಕಾಲೇಜಿನ ವ್ಯಾನು ಹತ್ತುತ್ತಾರೆ. ಉಳಿಯೋರು ಯಾರು? ನಮ್ಮ ಕೇರಿಯೋರು, ಸೋಲಿಗರ ಪೋಡಿನೋರು, ಮನೆಯ ಎರಡನೇ ಹೆಣ್ಣುಮಕ್ಕಳು. ಕಾಲೇಜನ್ನು ಹೀಗೆ ಸೊರಗಿಸಿ, ಆಮೇಲೆ ಬಂದು ದಾಖಲಾತಿ ಕಮ್ಮಿ ಅನ್ನೋದು. ಕೆರೆಗೆ ಬರೋ ಕಾಲುವೆ ಮುಚ್ಚಿ, ಕೆರೇಲಿ ನೀರಿಲ್ಲ ಅಂತ ಸೈಟು ಹಂಚಿದ ಹಾಗೆ.

ಇನ್ನೊಂದು ಮಾತು. ಪಿಯುಸಿ ಅಂದ್ರೆ 16ರಿಂದ 18ರ ವಯಸ್ಸು. ಕಾನೂನಿನ ಪ್ರಕಾರ ಹೆಣ್ಣಿನ ಮದುವೆಗೆ 18 ಆಗಬೇಕು. ಆ ಎರಡು ವರ್ಷ ಹಳ್ಳಿ ಹುಡುಗಿಗೆ ಮದುವೆ ಚಪ್ಪರ ಅಡ್ಡ ಬಾರದಂತೆ ಕಾಯೋ ಕಟ್ಟಡ ಇದೊಂದೇ. ಅದನ್ನು 28 ಕಿಲೋಮೀಟರ್ ದೂರಕ್ಕೆ ಸರಿಸಿದರೆ ಯಾರ ಓದು ನಿಲ್ಲುತ್ತೆ ಅಂತ ನನ್ನ ತಂಗಿಯನ್ನ ಕೇಳಿ.

*

ಸಭೆ ಮುಗಿದ ಮಾರನೇ ಭಾನುವಾರ ನಾವು ಐದು ಜನ ನಮ್ಮ ಕೇರಿಯಲ್ಲಿ ಮನೆಮನೆಗೆ ಹೋದ್ವಿ. ಈ ಸಲ ಹತ್ತು ಪಾಸಾದವರು ಹನ್ನೊಂದು ಮಕ್ಕಳು. ಹೋಬಳಿ ಕಾಲೇಜಿಗೆ ನಾಲ್ಕು, ತಾಲೂಕಿಗೆ ಎರಡು. ಉಳಿದ ಐವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಒಬ್ಬ ಕೋಳಿ ಫಾರಮ್ಮಿಗೆ. ಮೂವರು ಹುಡುಗೀರು ಮನೇಲಿ. ಒಬ್ಬಳಿಗೆ ಗಂಡು ಗೊತ್ತಾಗಿದೆ ಅಂದರು. ಅವಳಿಗೂ ಹದಿನೇಳು ತುಂಬಿಲ್ಲ. ಆ ಮನೇಲಿ ಎರಡು ಗಂಟೆ ಕೂತು ಮಾತಾಡಿದ್ವಿ. ಇನ್ನೂ ಮಾತಾಡ್ತಿದ್ದೀವಿ.

ಒಂದು ಕೇರಿಯ ಲೆಕ್ಕ ಇದು, ಇಡೀ ರಾಜ್ಯದ್ದಲ್ಲ. ಆದ್ರೆ ಪರಿಶೀಲನೆ ಅಂದ್ರೆ ಈ ಲೆಕ್ಕ. ಬೆಂಚಿನ ಮೇಲೆ ಕೂತವರನ್ನ ಎಣಿಸೋದು ಸುಲಭ. ಬರಬೇಕಾಗಿದ್ದವರು, ಬಾರದವರು ಯಾರು ಅಂತ ಎಣಿಸಬೇಕು. ಬಾಬಾಸಾಹೇಬರು ಮನವಿಯಲ್ಲಿ ಮಾಡಿದ್ದೂ ಅದನ್ನೇ, ಹೊರಗೆ ಉಳಿದವರ ಲೆಕ್ಕ ಒಳಗೆ ಕೂತವರ ಮುಂದಿಟ್ಟರು.

ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮೂರ ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸಾದವರು ಎಷ್ಟು ಅಂತ ಕೇಳಿ, ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಆಮೇಲೆ ಕೇರಿ, ಹಾಡಿ, ತಾಂಡಾಗಳಲ್ಲಿ ಮನೆಮನೆಗೆ ಹೋಗಿ ಎಲ್ಲಿದ್ದಾರೆ ಅಂತ ಬರ್ಕೊಳ್ಳಿ. ಮಕ್ಕಳ ಹೆಸರು ಇಲ್ಲಿ ಹಾಕಬೇಡಿ, ಲೆಕ್ಕ ಹಾಕಿ ಸಾಕು. ಮುಂದಿನ ಸಭೆಗೆ ನಾವು ಕೇಳೋದು ನಾಲ್ಕೇ: ಕ್ಲಾಸಿಗೆ ಹೊಂದೋ ಬಸ್ಸು, ಮಧ್ಯಾಹ್ನದ ಊಟ, ಸೈನ್ಸ್ ವಿಭಾಗ, ಜೂನಿನಲ್ಲೇ ಮೇಷ್ಟ್ರು. ಇವನ್ನು ಎರಡು ವರ್ಷ ಕೊಟ್ಟು ನೋಡಿ, ಆಮೇಲೆ ದಾಖಲಾತಿ ಎಣಿಸಿ.

ತಂಗಿಗೆ ಈ ಪೋಸ್ಟ್ ಓದಿ ಹೇಳಿದೆ. "ನನ್ ಕಥೆ ಬರ್ದಿದ್ದು ಸರಿ, ಆ ಹುಡುಗಿ ಮನೆಗೆ ನಾಳೆ ನಾನೂ ಬತ್ತೀನಿ" ಅಂದಳು.

ಜೈ ಭೀಮ್.