ಹಾಲಿನ ಗಾಡಿಯ ನಾಯಿ

ಟೀವಿಯಲ್ಲಿ ಆ ದೃಶ್ಯ ಬರುವ ಮೊದಲೇ ಮನೆಯೊಡತಿ ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದ್ದರು. 1999ರ ಡಿಸೆಂಬರ್, ನಗೋಯಾ. ಕಾರು ಕಾರ್ಖಾನೆಯ ತರಬೇತಿಗೆ ಬಂದಿದ್ದ ನಮ್ಮ ಕಡೆಯ ಹುಡುಗರಿಗೆ ದುಭಾಷಿಯಾಗಿ ಹೋಗಿದ್ದೆ. ಕೊತಾತ್ಸು ಎನ್ನುವ, ಅಡಿಯಲ್ಲಿ ಬಿಸಿ ಇರುವ ಗಿಡ್ಡ ಮೇಜಿನೊಳಗೆ ಕಾಲು ತೂರಿಸಿಕೊಂಡು ಇಬ್ಬರೂ ಕೂತಿದ್ದೆವು. ಹಳೆಯ ಕಾರ್ಟೂನುಗಳನ್ನು ನೆನಪಿಸುವ ಕಾರ್ಯಕ್ರಮ. ಚರ್ಚಿನ ಕಲ್ಲುನೆಲದ ಮೇಲೆ, ದೊಡ್ಡ ವರ್ಣಚಿತ್ರವೊಂದರ ಮುಂದೆ, ಒಬ್ಬ ಹುಡುಗ ಮತ್ತು ಒಂದು ನಾಯಿ ತಬ್ಬಿಕೊಂಡು ಮಲಗಿದ್ದಾರೆ. ಹೊರಗೆ ಹಿಮ. ಪುಟ್ಟ ದೇವದೂತರು ಇಳಿದು ಬಂದು ಇಬ್ಬರನ್ನೂ ಮೇಲಕ್ಕೆ ಒಯ್ಯುತ್ತಾರೆ. ಅಷ್ಟೇ, ಕಥೆ ಮುಗಿಯಿತು. ಅರವತ್ತು ದಾಟಿದ ಆಕೆ ಮೂಗೊರೆಸಿಕೊಂಡು, “ಎಷ್ಟು ಸಲ ನೋಡಿದರೂ ಹೀಗೇ” ಎಂದರು.

ನನಗೆ ಅಳು ಬಂದದ್ದು ಆ ಸಾವಿಗಲ್ಲ. ಅದಕ್ಕೂ ಮೊದಲು ಬಂದ ಒಂದು ಚಿತ್ರಕ್ಕೆ. ಬೆಳಗಿನ ರಸ್ತೆ, ಹಾಲಿನ ಕ್ಯಾನು ತುಂಬಿದ ಪುಟ್ಟ ಗಾಡಿ, ಅದನ್ನು ಎಳೆಯುತ್ತಿರುವ ನಾಯಿ.

ನಮ್ಮೂರು ಮದ್ದೂರು ತಾಲ್ಲೂಕಿನದು. ಅಪ್ಪ ನಾಲ್ಕಾರು ಮನೆಗಳ ಹಾಲು ಕೂಡಿಸಿಕೊಂಡು, ಸೈಕಲ್ಲಿನ ಎರಡೂ ಪಕ್ಕ ಕ್ಯಾನು ತೂಗುಹಾಕಿ, ಪೇಟೆಯ ಹೋಟೆಲುಗಳಿಗೆ ವರ್ತನೆ ಹಾಲು ಹಾಕುತ್ತಿದ್ದರು. ಯಾರದೂ ಅಲ್ಲದ ಒಂದು ಕೆಂಚು ಬಣ್ಣದ ಬೀದಿನಾಯಿ ಸೈಕಲ್ಲಿನ ಹಿಂದೆ ಓಡುತ್ತಿತ್ತು. ಹೆಸರು ಕೆಂಚ. ಹಾಲು ಅಳೆದಾದ ಮೇಲೆ ಅಪ್ಪ ಒಂದು ಬನ್ನು ಕೊಂಡು, ಮುರಿದು, ಮೊದಲ ಚೂರನ್ನು ಅದಕ್ಕೆ ಹಾಕಿ ಆಮೇಲೆ ತಾವು ಟೀ ಕುಡಿಯುತ್ತಿದ್ದರು. ನನಗೆ ಎಂಟು ವರ್ಷವಾಗಿದ್ದಾಗ ಒಂದು ದಿನ ಕೆಂಚ ಬರಲಿಲ್ಲ. ಕೇಳಿದ್ದಕ್ಕೆ, “ಅಜ್ಜಿ ಊರಿಗೆ ಹೋಯ್ತು ಕಣವ್ವ, ಅಲ್ಲಿ ತೋಟ ಕಾಯ್ತದೆ” ಎಂದರು. ಅಜ್ಜಿಯ ಊರಿಗೆ ಹೋದಾಗಲೆಲ್ಲ ತೆಂಗಿನ ತೋಟದಲ್ಲಿ ಹುಡುಕಿದ್ದೇನೆ.

ಟೀವಿಯಲ್ಲಿ ನೋಡಿದ್ದರ ಹೆಸರು ‘ಫ್ಲಾಂಡರ್ಸಿನ ನಾಯಿ’. 1975ರ ಜನವರಿಯಿಂದ ಡಿಸೆಂಬರ್‌ವರೆಗೆ, ಪ್ರತಿ ಭಾನುವಾರ ಸಂಜೆ, ಜಪಾನಿನ ಫ್ಯೂಜಿ ಟೀವಿಯಲ್ಲಿ 52 ಕಂತುಗಳಲ್ಲಿ ಬಂದದ್ದು. ನಿರ್ದೇಶಕ ಯೋಶಿಯೋ ಕುರೋದಾ. ಅವರೇ 1997ರಲ್ಲಿ ಅದನ್ನು ಸಿನಿಮಾವನ್ನಾಗಿಯೂ ಮಾಡಿದರು. ಮಕ್ಕಳಿಗೆಂದೇ ಮಾಡಿದ್ದು, ಮಕ್ಕಳ ಜೊತೆ ಇಡೀ ಜಪಾನು ಕೂತು ಅತ್ತಿತು.

ಕಥೆ ಮಾತ್ರ ಜಪಾನಿನದಲ್ಲ. ಬರೆದವಳು ಇಂಗ್ಲೆಂಡಿನ ಮರಿಯಾ ಲೂಯಿಸ್ ರಾಮೆ. ಮಗುವಾಗಿದ್ದಾಗ ತನ್ನ ಹೆಸರು ‘ಲೂಯಿಸ್’ ಎನ್ನಲು ನಾಲಿಗೆ ತಿರುಗದೆ ‘ವೀಡಾ’ ಅಂದುಕೊಂಡಳಂತೆ. ಮುಂದೆ ಅದೇ ಅವಳ ಕಾವ್ಯನಾಮವಾಯಿತು. 1871ರಲ್ಲಿ ಬೆಲ್ಜಿಯಂನ ಆಂಟ್‌ವರ್ಪಿಗೆ ಹೋಗಿಬಂದು ಮರುವರ್ಷ ಈ ಕಥೆ ಪ್ರಕಟಿಸಿದಳು. ಕಬ್ಬಿಣದ ಸಾಮಾನು ಮಾರುವವನೊಬ್ಬ ತನ್ನ ನಾಯಿಗೆ ಹೊಡೆದು ಹೊಡೆದು, ಅದು ಬಿದ್ದ ಮೇಲೆ ಸತ್ತಿತೆಂದು ರಸ್ತೆ ಬದಿಗೆ ಎಸೆದು ಹೋಗುತ್ತಾನೆ. ಬಡ ಮುದುಕ ಮತ್ತು ಅವನ ತಬ್ಬಲಿ ಮೊಮ್ಮಗ ನೆಲ್ಲೋ ಅದನ್ನು ಮನೆಗೆ ತಂದು ಬದುಕಿಸುತ್ತಾರೆ. ಅದೇ ಪತ್ರಾಷ್. ಮುದುಕ ನೆರೆಯವರ ಹಾಲನ್ನು ಪೇಟೆಗೆ ಸಾಗಿಸುವವನು. ಮೈ ನೆಟ್ಟಗಾದ ನಾಯಿ ಒಂದು ಬೆಳಗ್ಗೆ ತಾನಾಗಿಯೇ ಹೋಗಿ ಗಾಡಿಯ ನೊಗದ ಕೋಲುಗಳ ನಡುವೆ ನಿಲ್ಲುತ್ತದೆ. ಮುದುಕ ಬೇಡವೆನ್ನುತ್ತಾನೆ, ಅದು ಬಿಡುವುದಿಲ್ಲ.

ಈ ಗಾಡಿಯನ್ನು ವೀಡಾ ಕಲ್ಪಿಸಿಕೊಂಡದ್ದಲ್ಲ. ಆಂಟ್‌ವರ್ಪ್ ಇರುವ ಫ್ಲಾಂಡರ್ಸ್ ಸೀಮೆಯಲ್ಲಿ ಆಗ ನಾಯಿಯೇ ಬಡವನ ಕುದುರೆ. ಹಾಲು, ರೊಟ್ಟಿ, ತರಕಾರಿ ಎಲ್ಲ ನಾಯಿಗಾಡಿಯಲ್ಲೇ ಪೇಟೆಗೆ ಬರುತ್ತಿದ್ದವು. ಕೆಲವು ಗಾಡಿಗಳಿಗೆ ನಾಯಿಯನ್ನು ಮುಂದೆ ಕಟ್ಟುತ್ತಿದ್ದರು. ಇನ್ನು ಕೆಲವಕ್ಕೆ ಅಚ್ಚಿನ ಕೆಳಗೇ ಕಟ್ಟಿ, ಹಿಡಿಕೆಯನ್ನು ಮನುಷ್ಯ ತಳ್ಳುತ್ತಿದ್ದ. ನೂರು ವರ್ಷದ ಹಿಂದಿನ ಪೋಸ್ಟ್‌ಕಾರ್ಡುಗಳಲ್ಲಿ ಹಾಲಿನ ಹೆಂಗಸರು ಫಳಫಳ ಹೊಳೆಯುವ ಹಿತ್ತಾಳೆ ಕ್ಯಾನುಗಳ ಪಕ್ಕ ಜಂಬದಿಂದ ನಿಂತಿರುತ್ತಾರೆ. ನಾಯಿ ನಾಲಿಗೆ ಚಾಚಿಕೊಂಡು ಕ್ಯಾಮೆರಾ ನೋಡುತ್ತಿರುತ್ತದೆ. 1914ರಲ್ಲಿ ಜರ್ಮನರು ನುಗ್ಗಿದಾಗ ಬೆಲ್ಜಿಯಂ ಸೈನ್ಯದ ಮಶೀನ್‌ಗನ್‌ಗಳನ್ನು ಎಳೆದದ್ದೂ ಇಂಥ ನಾಯಿಗಳೇ. ವೀಡಾಳ ನಾಡಿನಲ್ಲಿ ಮಾತ್ರ ಈ ಕಸುಬು ಆಗಲೇ ಮುಗಿದಿತ್ತು: ಲಂಡನ್ನಿನಲ್ಲಿ 1839ರಲ್ಲೇ ನಾಯಿಗಾಡಿ ನಿಷೇಧವಾಯಿತು, 1854ರ ಕಾಯ್ದೆ ಅದನ್ನು ಇಂಗ್ಲೆಂಡಿಗೆಲ್ಲ ಹಬ್ಬಿಸಿತು. ಸ್ಥಳೀಯರಿಗೆ ದಿನನಿತ್ಯದ ನೋಟವಾಗಿದ್ದದ್ದು ಹೊರಗಿನಿಂದ ಬಂದ ಅವಳ ಕಣ್ಣಿಗೆ ಚುಚ್ಚಿತು. ನಾಯಿಗಳೆಂದರೆ ಜೀವ ಬಿಡುತ್ತಿದ್ದ ಈ ಹೆಂಗಸು ಕೊನೆಗಾಲದಲ್ಲಿ ಇಟಲಿಯಲ್ಲಿ, ಕೈಯಲ್ಲಿ ಕಾಸಿಲ್ಲದೆ, ತಾನು ಸಾಕಿಕೊಂಡ ನಾಯಿಗಳ ನಡುವೆ 1908ರಲ್ಲಿ ತೀರಿಕೊಂಡಳು.

ಅದೇ 1908ರಲ್ಲಿ ಕಥೆ ಜಪಾನಿ ಭಾಷೆಗೆ ಬಂತು. ಮ್ಯಾಕ್‌ಬೆತ್ ನಮ್ಮಲ್ಲಿ ಪ್ರತಾಪರುದ್ರದೇವನಾದ ಹಾಗೆ ಅಲ್ಲಿ ನೆಲ್ಲೋ ‘ಕಿಯೋಷಿ’ಯಾದ, ಪತ್ರಾಷ್ ‘ಬುಚಿ’ಯಾಯಿತು. ಬುಚಿ ಎಂದರೆ ಮೈಮೇಲೆ ಮಚ್ಚೆಯಿರುವುದು. ನಮ್ಮ ಕರಿಯ, ಕೆಂಚ ಇದ್ದ ಹಾಗೆ, ಬಣ್ಣ ನೋಡಿ ಕೂಗುವ ಬೀದಿನಾಯಿಯ ಹೆಸರು.

ಕಥೆಯ ಕೊನೆ ನಾನು ನೋಡಿದ್ದೇ. ಅಜ್ಜ ಸಾಯುತ್ತಾನೆ. ಊರಿನ ಗಿರಣಿಗೆ ಬೆಂಕಿ ಬಿದ್ದದ್ದಕ್ಕೆ ನೆಲ್ಲೋನ ಮೇಲೆ ಅನುಮಾನ. ಹಾಲು ಕೊಡುತ್ತಿದ್ದವರೂ ನಿಲ್ಲಿಸುತ್ತಾರೆ. ಚಿತ್ರಕಲೆಯ ಸ್ಪರ್ಧೆಯಲ್ಲೂ ಸೋಲು. ಆಂಟ್‌ವರ್ಪಿನ ಕೆಥೆಡ್ರಲ್ಲಿನಲ್ಲಿ ರೂಬೆನ್ಸ್ ಬರೆದ ಎರಡು ದೊಡ್ಡ ಚಿತ್ರಗಳಿವೆ: ಯೇಸುವಿನ ಶಿಲುಬೆಯನ್ನು ಎತ್ತುತ್ತಿರುವುದು, ಶಿಲುಬೆಯಿಂದ ಅವನನ್ನು ಇಳಿಸುತ್ತಿರುವುದು. ಕಥೆಯಲ್ಲಿ ಅವಕ್ಕೆ ಪರದೆ ಎಳೆದಿದೆ, ನೋಡಲು ಕಾಸು ಕೊಡಬೇಕು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹುಡುಗನಿಗೆ ಅವು ಕೊನೆಗೂ ಕಾಣುತ್ತವೆ. ಬೆಳಗಾಗುವಷ್ಟರಲ್ಲಿ ಚಳಿಗೂ ಹಸಿವಿಗೂ ಇಬ್ಬರೂ ಹೋಗಿರುತ್ತಾರೆ.

ಹಾಲಿವುಡ್ಡಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. 1959ರ ಚಿತ್ರದಲ್ಲಿ ನೆಲ್ಲೋನನ್ನು ಬದುಕಿಸಿದರು. ಅಪ್ಪ ಹೇಳಿದ ಅಜ್ಜಿಯ ಊರಿನ ಸುಳ್ಳು ಅಮೆರಿಕದಲ್ಲೂ ಇತ್ತು ಅನ್ನಿ. ಕುರೋದಾ ದೇವದೂತರನ್ನು ಕರೆಸಿ ಸಾವಿನ ಮೊನಚನ್ನು ಸ್ವಲ್ಪ ಮೊಂಡು ಮಾಡಿದರೇ ಹೊರತು ಸಾವನ್ನು ಅಳಿಸಲಿಲ್ಲ. ಮನೆಯೊಡತಿಗೆ ನಮ್ಮ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದೊಳಕ್ಕೆ ಕಾಲಿಡಲಾರೆ ಎಂದದ್ದನ್ನು ಹೇಳಿದೆ. “ಆ ನಾಯಿ ಕೊನೆಗೆ ಏನಾಯಿತು?” ಎಂದರು. ಅದು ನಾಯಿಯೇ ಅಲ್ಲ, ಯಮಧರ್ಮ ಎಂದೆ. “ಅಯ್ಯೋ, ಪತ್ರಾಷ್ ಕೊನೆವರೆಗೂ ನಾಯಿಯೇ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

2018ರಲ್ಲಿ ಆಂಟ್‌ವರ್ಪಿಗೆ ಹೋಗುವ ಅವಕಾಶ ಬಂತು. ಎಂಬತ್ತರ ದಶಕದಲ್ಲಿ ಜಪಾನಿ ಪ್ರವಾಸಿಗಳು ಅಲ್ಲಿಗೆ ಬಂದು “ನೆಲ್ಲೋನ ಊರು ಯಾವುದು?” ಎಂದು ಕೇಳತೊಡಗಿದಾಗ ಊರಿನವರು ಕಣ್ಣುಕಣ್ಣು ಬಿಟ್ಟಿದ್ದರು. ಇಂಗ್ಲಿಷಿನಲ್ಲಿ ಬರೆದ ಆ ಕಥೆ ಫ್ಲಾಂಡರ್ಸಿನ ಮನೆಗಳಿಗೆ ತಲುಪಿರಲೇ ಇಲ್ಲ. ನಾಯಿಗಾಡಿಯೂ ಬೀದಿಯಿಂದ ಮಾಯವಾಗಿತ್ತು. ಬೆಲ್ಜಿಯಂನ ಕಾನೂನು ನಾಯಿಯನ್ನು ಗಾಡಿಗೆ ಕಟ್ಟಬಾರದೆಂದದ್ದು 1975ರಲ್ಲಿ, ಜಪಾನಿನ ಮಕ್ಕಳು ವಾರವಾರವೂ ಪತ್ರಾಷ್ ಗಾಡಿ ಎಳೆಯುವುದನ್ನು ನೋಡುತ್ತಿದ್ದ ಅದೇ ವರ್ಷ. ಊರು ಮರೆತ ಕಸುಬನ್ನು ಭೂಮಿಯ ಆ ತುದಿಯ ಮಕ್ಕಳು ಅತ್ತು ಅತ್ತು ನೆನಪಿಟ್ಟುಕೊಂಡಿದ್ದರು. 1985ರಲ್ಲಿ ಹೊಬೋಕೆನ್ ಎಂಬ ಉಪನಗರದಲ್ಲಿ ಹುಡುಗನಿಗೂ ನಾಯಿಗೂ ಒಂದು ಪ್ರತಿಮೆ ಎದ್ದಿತು.

ಕೆಥೆಡ್ರಲ್ಲಿನ ಮುಂದಿರುವುದು 2016ರದು, ಬಿಳಿಯ ಅಮೃತಶಿಲೆ. ನೆಲ್ಲೋ ಮತ್ತು ಪತ್ರಾಷ್ ಮಲಗಿದ್ದಾರೆ. ಹೊದಿಕೆ ಬಟ್ಟೆಯದಲ್ಲ: ಚೌಕದ ರಸ್ತೆಗೆ ಹಾಸಿದ ಕಲ್ಲುಗಳೇ ಮೇಲೆದ್ದು, ಕಂಬಳಿಯ ಹಾಗೆ ಇಬ್ಬರ ಮೈಮೇಲೆ ಬಾಗಿವೆ. ಮಕ್ಕಳು ಆ ಕಲ್ಲುಕಂಬಳಿಯ ಮೇಲೆ ಹತ್ತಿ ಜಾರುತ್ತಿದ್ದರು. ನಾಯಿಯ ಮೂತಿ ಕೈಗೆ ತಣ್ಣಗೆ ತಾಕಿತು.

ನಾಯಿಗೆ ಕಲ್ಲು ನಿಲ್ಲಿಸುವುದು ನಮ್ಮ ತಾಲ್ಲೂಕಿನವರಿಗೆ ಹೊಸದಲ್ಲ. ಮದ್ದೂರಿಗೆ ಸೇರಿದ ಆತಕೂರಿನಲ್ಲಿ ಕ್ರಿ.ಶ. 949–50ರ ಶಾಸನವೊಂದು ಸಿಕ್ಕಿದೆ. ಗಂಗರ ಬೂತುಗನ ಮೆಚ್ಚಿನ ವೀರ ಮಣಲೇರ. ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೊಂದು ಕಲ್ಲು, ಕಲ್ಲಿಗೆ ಭೂಮಿ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂಬ ಶಾಪ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಗೆದ್ದ ನಾಯಿ, ಅರಮನೆಯ ನಾಯಿ. ಹಾಲಿನ ಗಾಡಿಯ ಹಿಂದೆ ಓಡುವ ನಾಯಿಗೆ ಕಲ್ಲು ನಿಲ್ಲಿಸಲು ಶಾಸನ ಯಾರೂ ಹೊರಡಿಸುವುದಿಲ್ಲ. ಅದಕ್ಕೆ ಕಥೆಯೇ ಬೇಕು, ಅದೂ ಕೊನೆಯನ್ನು ತಿದ್ದದ ಕಥೆ.

ಆಂಟ್‌ವರ್ಪಿನ ಫೋಟೋವನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಮೇಲಕ್ಕೆ ಸರಿಸಿ ಬಹಳ ಹೊತ್ತು ನೋಡಿದರು.

“ಕೆಂಚ ಎಲ್ಲಿ ಹೋಯ್ತಪ್ಪ?” ಎಂದೆ.

“ಮೈಸೂರು ರಸ್ತೆ ದಾಟ್ವಾಗ ಲಾರಿ ಹೊಡೀತು ಕಣವ್ವ. ಖಾಲಿ ಕ್ಯಾನ್ ಜೊತೆ ಕ್ಯಾರಿಯರ್ ಮ್ಯಾಲೆ ಹಾಕ್ಕೊಂಡು ಬಂದೆ. ನಾಲೆ ಏರಿ ಪಕ್ಕ ಮಣ್ಣು ಮಾಡಿ, ತಲೆತಾವು ಒಂದ್ ಸೈಜುಗಲ್ಲು ಇಟ್ಟೆ. ನಿಂಗೆ ಹೇಳಿದ್ರೆ ಅಳ್ತಿದ್ದೆ.”

ಅಳುತ್ತಿದ್ದೆ, ನಿಜ. ನಗೋಯಾದ ಟೀವಿಯ ಮುಂದೆ ಅತ್ತದ್ದನ್ನು ಅಪ್ಪನಿಗೆ ನಾನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಒಂದು ಬನ್ನು ಹಿಡಿದು ನಾಲೆಯ ಕಡೆ ನಡೆದೆ. ಏರಿಯನ್ನು ಎತ್ತರಿಸಿ ಕಾಂಕ್ರೀಟು ಹಾಕಿದ್ದಾರೆ. ಯಾವ ಕಲ್ಲೂ ಇಲ್ಲ. ಮೊದಲ ಚೂರು ಮುರಿದು ಅಂದಾಜಿನ ಮೇಲೆ ಒಂದು ಕಡೆ ಇಟ್ಟೆ. ಎಲ್ಲಿತ್ತೋ, ಒಂದು ಕಂದು ನಾಯಿ ಬಂದು ತಿಂದು, ಉಳಿದದ್ದಕ್ಕಾಗಿ ನನ್ನ ಕೈ ನೋಡತೊಡಗಿತು.